ಯೂಟಾ ಹಾಳೆಯ ಆ ಸಾಲು ತಿದ್ದಿಬಿಡಿ ಸರ್

ಸರ್, ಸ್ಟಾಂಪ್ ಪ್ರದರ್ಶನಕ್ಕೆ ನೀವು ಮಾಡಿದ ಎಕ್ಸಿಬಿಟ್ ಹಾಳೆಯ ಫೋಟೋ ನೋಡಿದೆ. 1947ರ ಅಮೆರಿಕದ ಯೂಟಾ ಶತಮಾನೋತ್ಸವದ 3 ಸೆಂಟ್ ಸ್ಟಾಂಪಿನ ಕೆಳಗೆ 'ಮಾರ್ಮನ್ ಬೆಟಾಲಿಯನ್ ಸಾಲ್ಟ್ ಲೇಕ್ ಕಣಿವೆಗೆ ಬಂದ ದಿನ' ಎಂದು ಬರೆದಿದ್ದೀರಿ. ಬೆಟಾಲಿಯನ್ ಅಂದರೆ ಮೆಕ್ಸಿಕೋ ಯುದ್ಧಕ್ಕೆಂದು ಅಮೆರಿಕ ಸೇನೆ ಸೇರಿದ ಮಾರ್ಮನ್ ಪಂಥದವರ ದಂಡು. ಇದೇ ಸಾಲಿಗೆ ಜಡ್ಜ್ ಒಬ್ಬರು ನನ್ನ ಅಂಕ ಕತ್ತರಿಸಿದ್ದರು.

1847ರ ಜುಲೈ 24 ಮಾರ್ಮನ್ನರ ನಾಯಕ ಬ್ರಿಗಮ್ ಯಂಗ್ ಕಣಿವೆಗೆ ಬಂದ ದಿನ. ಬೆಟಾಲಿಯನ್ನಿನ ಮುಖ್ಯ ದಂಡು ಆಗ ಕ್ಯಾಲಿಫೋರ್ನಿಯಾದಲ್ಲಿತ್ತು. ಜುಲೈ 16ಕ್ಕಷ್ಟೇ ಲಾಸ್ ಏಂಜಲೀಸಿನಲ್ಲಿ ಅವರಿಗೆ ಬಿಡುಗಡೆಯಾಗಿತ್ತು. ಕಾಯಿಲೆ ಬಿದ್ದು ಪ್ಯೂಬ್ಲೊದಲ್ಲಿ ಚಳಿಗಾಲ ಕಳೆದ ತಂಡ ಕಣಿವೆಗೆ ಬಂದದ್ದು ಜುಲೈ 29ಕ್ಕೆ. ಐದೇ ದಿನ ಅಲ್ವಾ ಅನ್ನಬೇಡಿ, ಜಡ್ಜ್‌ಗಳು ಇಂಥದ್ದನ್ನೇ ಹುಡುಕುತ್ತಾರೆ.

ಆ ಬಂದೂಕಿನ ಚಿತ್ರವನ್ನೂ ತೆಗೆಯಿರಿ. ಬೆಟಾಲಿಯನ್ನಿನವರು ಶತ್ರು ಸೈನ್ಯದ ಜೊತೆ ಯುದ್ಧವನ್ನೇ ಮಾಡಲಿಲ್ಲ. ಸ್ಯಾನ್ ಪೆಡ್ರೊ ನದಿಯ ಹತ್ತಿರ ಕಾಡುಗೂಳಿಗಳ ಜೊತೆ ಆದದ್ದೇ ದೊಡ್ಡ ಕಾಳಗ! ಕಣಿವೆಯನ್ನು ಉಳಿಸಿದ್ದು ಇವರ ಸಂಬಳ. ಸಿಪಾಯಿಗೆ ತಿಂಗಳಿಗೆ 7 ಡಾಲರ್. ಬಟ್ಟೆಗೆಂದು ವರ್ಷದ 42 ಡಾಲರ್ ಮುಂಗಡ ಬೇರೆ. ಅದರಲ್ಲಿ ಬಹುಪಾಲು ಹಿಂದೆ ಉಳಿದ ಮನೆಯವರಿಗೂ ಚರ್ಚಿಗೂ ಹೋಯಿತು. ಆಮೇಲೆ ಕ್ಯಾಪ್ಟನ್ ಜೇಮ್ಸ್ ಬ್ರೌನ್ ಪ್ಯೂಬ್ಲೊ ತಂಡದ ಬಾಕಿ ಸಂಬಳ ತರಲು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ದುಡ್ಡಿನ ಜೊತೆ ವಾಪಸ್ ಬಂದ. ಆ ದುಡ್ಡಿನಲ್ಲಿ 1,950 ಡಾಲರ್ ಕೊಟ್ಟು, ವೀಬರ್ ನದಿ ಪಕ್ಕದ ಮೈಲ್ಸ್ ಗುಡ್‌ಇಯರ್‌ನ ಕೋಟೆ ಮತ್ತು ಜಾಗ ಕೊಂಡರು. ದನ, ಆಡು, ಕುರಿ, ಕೊನೆಗೆ ಒಂದು ಬೆಕ್ಕು ಸಮೇತ. ಅದೇ ಇವತ್ತಿನ ಆಗ್ಡನ್ ಊರು. ನಿಮ್ಮ ಹಾಳೆಯಲ್ಲಿ ಬ್ರೌನ್ ಹೆಸರೇ ಇಲ್ಲ, ಇದೇನು ಸರ್?

ಪಕ್ಕದ ಹಾಳೆಗೆ 1948ರ ಕ್ಯಾಲಿಫೋರ್ನಿಯಾ ಚಿನ್ನದ ಸ್ಟಾಂಪು ಇಡಿ. ಸಟರ್ ಮಿಲ್ಲಿನಲ್ಲಿ ಚಿನ್ನ ಕಂಡಾಗ ಈ ಮಾಜಿ ಸೈನಿಕರು ಅಲ್ಲೇ ಕೂಲಿಗಿದ್ದರು. 1848 ಜನವರಿ 24 ಎಂಬ ದಿನ ನಮಗೆ ಗೊತ್ತಿರುವುದೇ ಅವರಲ್ಲೊಬ್ಬನಾದ ಹೆನ್ರಿ ಬಿಗ್ಲರ್ ಡೈರಿಯಿಂದ. ಅದೇ ಬೇಸಿಗೆಯಲ್ಲಿ ಒಂದಷ್ಟು ಜನ ಚಿನ್ನ ಬಿಟ್ಟು, ಕಾರ್ಸನ್ ಪಾಸ್ ಎಂಬ ಘಟ್ಟದ ಮೇಲೆ ಬಂಡಿ ದಾರಿ ಕಡಿಯುತ್ತಾ ಕಣಿವೆಗೆ ಹೊರಟರು. ಮರುವರ್ಷ ಚಿನ್ನದ ಆಸೆಗೆ ಬಿದ್ದವರು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ನುಗ್ಗಿದರು. ಮೆಕ್ಸಿಕೋದಿಂದ ಅಮೆರಿಕ ಜಾಗ ಕೊಂಡ ನೆನಪಿನ 1953ರ ಗ್ಯಾಡ್ಸ್‌ಡನ್ ಸ್ಟಾಂಪನ್ನು ಸುಮ್ನೆ ತುರುಕಬೇಡಿ. ಬೆಟಾಲಿಯನ್ನಿನ ದಂಡನಾಯಕ ಕುಕ್ ಆ ಜಾಗದಲ್ಲಿ ತೆಗೆದ ಬಂಡಿ ದಾರಿಯ ನಕ್ಷೆ ಹಾಕುವುದಾದರೆ ಮಾತ್ರ ಇಡಿ.

ಇನ್ನು, ಮಿಂಟ್, ಅಂದರೆ ಬಳಸದ ಸ್ಟಾಂಪಿಗೆ ಹಿಂಜ್ ಎಂಬ ಅಂಟುಚೀಟಿ ಯಾಕೆ ಹಾಕಿದಿರಿ? ಹಿಂದಿನ ಗೋಂದು ಹಾಳಾಗುತ್ತದೆ. ಪಿವಿಸಿ ಪಾಕೆಟ್ ಅಂತೂ ಬೇಡವೇ ಬೇಡ. ನಾನು ಸ್ಟಾಂಪು ತೂರಿಸಿಡುವ ಹಾವಿಡ್ ಮೌಂಟ್ ಬಳಸುತ್ತೇನೆ, ಬೆಲೆ ಸ್ವಲ್ಪ ಜಾಸ್ತಿ. ಯೂಟಾ, ಚಿನ್ನ ಎರಡೂ ಕಡು ನೇರಳೆ ಸ್ಟಾಂಪು. ಕಪ್ಪು ಹಿನ್ನೆಲೆಯಲ್ಲಿ ಬಣ್ಣ ಸತ್ತುಹೋಗುತ್ತದೆ, ಪಾರದರ್ಶಕದ್ದೇ ತರಿಸಿ.