ಅರ್ಜಿ ತುಂಬುವ ಮೊದಲು ವರ್ಕ್‌ಶಾಪ್ ನೋಡಿ ಬನ್ನಿ

ಅಂಕೋಲಾದ ತಾಯಿಯೊಬ್ಬರು ಬರೆದಿದ್ದಾರೆ: "ಮಗ ಎಸ್ಸೆಸ್ಸೆಲ್ಸಿ ಪಾಸಾದ. ಐಟಿಐಗೆ ಹೋಗುತ್ತೇನೆ ಅಂತಾನೆ. ಗೆಳೆಯರೆಲ್ಲ ಎಲೆಕ್ಟ್ರಿಷಿಯನ್, ಇವನಿಗೆ ವೆಲ್ಡರ್ ಆಗುವ ಆಸೆ. ಕಣ್ಣು ಹೋಗುತ್ತದೆ, ಬೇಡ ಎಂದು ಮನೆಯಲ್ಲಿ ಹಟ. ಏನು ಮಾಡಲಿ?"

ಅಕ್ಕಾ, ಟ್ರೇಡ್ ಆರಿಸುವುದು ಹುಡುಗ ಒಬ್ಬನೇ ಅಲ್ಲ. ಗೆಳೆಯರ ಗುಂಪು, ಬಸ್ಸಿನ ಹೊತ್ತು, ಕೈಗಾದಲ್ಲಿ ಕೆಲಸಕ್ಕಿರುವ ಮಾವ, ಎಲ್ಲರ ಕೈಯೂ ಅದರಲ್ಲಿರುತ್ತದೆ. ಕೆಲಸವನ್ನು ಕಣ್ಣಾರೆ ಕಂಡು ಆರಿಸುವವರು ಕಡಿಮೆ. ನಿಮ್ಮ ಮಗ ಎಲ್ಲೋ ಕಂಡಿದ್ದಾನೆ, ಬೋಟ್ ರಿಪೇರಿ ಮಾಡುವಲ್ಲೋ ಗ್ರಿಲ್ ಅಂಗಡಿಯಲ್ಲೋ. ಆ ಆಸೆಯನ್ನು ಸುಮ್ಮನೆ ತಳ್ಳಿಹಾಕಬೇಡಿ.

ಕಣ್ಣಿನ ಭಯ ಸುಳ್ಳಲ್ಲ. ವೆಲ್ಡಿಂಗ್ ಮಾಡುವಾಗ ರಾಡ್ ತುದಿಯಲ್ಲಿ ಉರಿಯುವ ವಿದ್ಯುತ್ ಕಿಡಿಯೇ ಆರ್ಕ್. ಆರ್ಕ್‌ನ ಅತಿನೇರಳೆ ಕಿರಣ ಬರಿಗಣ್ಣಿಗೆ ತಾಗಿದರೆ ಕೆಲವು ಗಂಟೆ ಬಿಟ್ಟು ಮರಳು ಹೊಕ್ಕ ಹಾಗೆ ಉರಿಯುತ್ತದೆ. "ಒಂದೇ ಟ್ಯಾಕ್ (ಚುಕ್ಕಿ ಬೆಸುಗೆ) ತಾನೆ" ಎಂದು ಮುಖಕ್ಕೆ ಹಿಡಿಯುವ ಶೀಲ್ಡ್ ಬಿಟ್ಟಾಗ, ಇಲ್ಲವೇ ಪಕ್ಕದವನ ಆರ್ಕ್ ನೋಡುತ್ತ ನಿಂತಾಗ ಹೀಗಾಗುವುದು ಹೆಚ್ಚು. 10 ಅಥವಾ 11ನೇ ಶೇಡ್‌ನ ಕಪ್ಪು ಗಾಜು, ಬೂತ್‌ಗೆ ಪರದೆ ಇದ್ದರೆ ಕಣ್ಣು ಉಳಿಯುತ್ತದೆ.

ವೆಲ್ಡರ್ ಒಂದು ವರ್ಷದ ಕೋರ್ಸು. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ಯೋಚನೆ ಇದ್ದರೆ ಎರಡು ವರ್ಷದ ಟ್ರೇಡೇ ಅನುಕೂಲ. ಕಾರವಾರದ ನೌಕಾನೆಲೆಯ ಹಡಗು ದುರಸ್ತಿ ಯಾರ್ಡ್ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಅಪ್ರೆಂಟಿಸ್ ಎಂದರೆ ಸ್ಟೈಪೆಂಡ್ ಸಿಗುವ ತರಬೇತಿ ಮಾತ್ರ, ಖಾಯಂ ನೌಕರಿಯಲ್ಲ. ಇದನ್ನು ಮಗನಿಗೆ ಮೊದಲೇ ಹೇಳಿಬಿಡಿ.

ಸೇರಿದ ಮೇಲೆ ಟ್ರೇಡ್ ಬಿಡುವವರ ಬಗ್ಗೆ ನನಗೆ ಹೆಚ್ಚು ಸಂಕಟ. ನಮ್ಮ ಕರಾವಳಿಯ ಮಳೆಗಾಲದಲ್ಲಿ 7018 ಎಂಬ ವೆಲ್ಡಿಂಗ್ ರಾಡ್‌ನ ಪ್ಯಾಕೆಟ್ ಒಡೆದಿಟ್ಟರೆ ಅದರ ಲೇಪ ಗಾಳಿಯ ತೇವ ಹೀರುತ್ತದೆ. ಆ ರಾಡ್ ಉರಿಸಿದರೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ತೇವದ ಹೈಡ್ರೋಜನ್ ಒಳಗುಳಿದು ದಪ್ಪ ಪ್ಲೇಟ್ ಆಮೇಲೆ ಬಿರುಕು ಬಿಡಬಹುದು. ಓವನ್‌ನಲ್ಲಿ ಸುಮಾರು 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಬಳಸಬೇಕು. ಓವನ್ ಇಲ್ಲದ ಕಡೆ ಹುಡುಗ ತನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾನೆ. ತಪ್ಪು ರಾಡ್‌ನದು, ಬಿಡುವುದು ಕಸುಬನ್ನು.

ಹಾಗಾಗಿ ಮಗನನ್ನು ಐಟಿಐ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಕೇಳಿ: ರಾಡ್ ಒಣಗಿಸುವ ಓವನ್ ಉಂಟೋ? ಒಬ್ಬನಿಗೆ ದಿನಕ್ಕೆ ಎಷ್ಟು ರಾಡ್ ಕೊಡುತ್ತಾರೆ? ಚಪ್ಪಟೆ ಪ್ಲೇಟ್ ಒಂದೇ ಕಲಿಸುತ್ತಾರೋ, ನಿಲುವಿನದು, ತಲೆಯ ಮೇಲಿನದು ಕೂಡ ಮಾಡಿಸುತ್ತಾರೋ? ಟಿಗ್ (ಗ್ಯಾಸ್ ಹಾಯಿಸಿ ನಯವಾಗಿ ಬೆಸೆಯುವ) ಮಷೀನ್ ಚಾಲೂ ಇದೆಯೋ, ಬಟ್ಟೆ ಹೊದ್ದು ಕೂತಿದೆಯೋ? ಅವನ ಕೈಗೆ ಶೀಲ್ಡ್ ಕೊಡಿಸಿ ಅರ್ಧ ಗಂಟೆ ನೋಡಲು ಬಿಡಿ. ಹೊರಗೆ ಬಂದ ಮೇಲೂ ವೆಲ್ಡರ್ ಎಂದರೆ ಅದನ್ನೇ ಮೊದಲ ಆಯ್ಕೆಯಾಗಿ ಬರೆಸಿ, ಫಿಟ್ಟರ್ ಎರಡನೆಯದಿರಲಿ.

ಸಂಪಾದಕ