ಮಾಗಡಿ ಹತ್ರ ಜಮೀನಲ್ಲಿ ಮರದ ಥರ ಗೆರೆ ಇರೋ ಕಲ್ಲು ಸಿಕ್ಕಿದೆ, ಇದು ಕಲ್ಲಾದ ಮರನಾ? ಮಾರಬಹುದಾ?

ಮಾಗಡಿ ಅಂದ್ರಲ್ಲ, ಅಲ್ಲಿಗೇ ಅರ್ಧ ಉತ್ತರ ಸಿಕ್ತು, ಅದು ಮರ ಆಗಿರಲ್ಲ. ಮರ ಕಲ್ಲಾಗ್ಬೇಕಂದ್ರೆ ಕೊಳೆಯೋಕ್ ಮುಂಚೆನೇ ಮರಳಲ್ಲೋ ಹೂಳಲ್ಲೋ ಹೂತೋಗ್ಬೇಕು, ಗಾಳಿ ತಾಗಬಾರ್ದು, ಆಮೇಲೆ ಸಿಲಿಕಾ (ಮರಳಲ್ಲಿರೋ ಖನಿಜ) ಕರಗಿರೋ ನೀರು ಒಳಗಿಳಿದು ಒಂದೊಂದು ಜೀವಕೋಶದಲ್ಲೂ ಗಟ್ಟಿಯಾಗ್ತಾ ಹೋಗ್ಬೇಕು. ನಮ್ ಬೆಂಗಳೂರು ಸುತ್ತಮುತ್ತ ಇರೋದು ನೆಲದಾಳದ ಕಾವಲ್ಲಿ ಬೆಂದ ಬಂಡೆ, ಲಾಲ್‌ಬಾಗ್ ಗುಡ್ಡದ ನೈಸ್ (gneiss, ಕಪ್ಪು-ಬಿಳಿ ಪಟ್ಟೆ ಇರೋ ಬಂಡೆ) ಶಿಲೆಗೆ ಹತ್ರತ್ರ 300 ಕೋಟಿ ವರ್ಷ, ರಾಮನಗರದ ಗ್ರಾನೈಟ್‌ಗೆ ಸುಮಾರು 250 ಕೋಟಿ, ಭೂಮಿ ಮೇಲೆ ಮರ ಅಂತ ಬಂದಿದ್ದೇ 40 ಕೋಟಿ ವರ್ಷದಿಂದ ಈಚೆಗೆ!

ನಿಮ್ ಕೈಲಿರೋದು ಬಹುಶಃ ಈ ನೈಸ್ ಶಿಲೆನೇ. ಕಲ್ಲನ್ನ ಚೆನ್ನಾಗಿ ತೊಳೆದು, ಒದ್ದೆ ಇರೋವಾಗ್ಲೇ ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿ. ಕಪ್ಪು ಗೆರೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಮಿನುಗಿದ್ರೆ, ಸೂಜಿ ಮೊನೆಯಿಂದ ಕೆದಕಿದಾಗ ತೆಳ್ಳನೆ ಪದರ ಎದ್ರೆ ಅದು ಕಾಗೆಬಂಗಾರ, ಪಕ್ಕದ ಬಿಳಿ ಪಟ್ಟೆ ಬೆಣಚು ಮತ್ತೆ ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ಗೆರೆ ಒಂದ್ಕಡೆ ದಪ್ಪ ಆಗಿ ಇನ್ನೊಂದ್ಕಡೆ ಸಣ್ಣಗಾಗಿ ಮಡಚ್ಕೊಂಡಿರುತ್ತೆ. ನಿಜವಾದ ಕಲ್ಲುಮರದಲ್ಲಿ ಅಡ್ಡ ಮುಖದಲ್ಲಿ ಲೆನ್ಸ್ ಇಟ್ರೆ ಕೋಶಗಳ ಸಣ್ಣ ಸಣ್ಣ ರಂಧ್ರ ಸಾಲಾಗಿ ಕಾಣುತ್ತೆ, ಉದ್ದ ಮುಖದಲ್ಲಿ ನಾರು.

ಬೇರಿನ ಆಕಾರದ ಬಿಳಿ ಕಲ್ಲು ಸಿಕ್ರೂ ಮೋಸ ಹೋಗ್ಬೇಡಿ, ಬೇರಿನ ಸುತ್ತ ಸುಣ್ಣ ಕಟ್ಕೊಂಡು ಆಗೋದು ಅದು, ಸ್ವಲ್ಪ ಕೆರೆದು ಪುಡಿ ಮೇಲೆ ವಿನೆಗರ್ ಬಿಟ್ರೆ ನೊರೆ ಬರುತ್ತೆ.

ದುಡ್ಡಿನ ವಿಷ್ಯ: ಇಂಥ ಒಂದು ಕಲ್ಲಿಗೆ ಮಾರ್ಕೆಟ್ ಇಲ್ಲ, ರೇಟ್ ಹೇಳ್ಕೊಂಡು ಬರೋರನ್ನ ನಂಬ್ಬೇಡಿ. ಅಗೆದು ಮಾರೋ ಯೋಚನೆ ಇದ್ರೆ ಮೊದ್ಲು ರೇಸ್ ಕೋರ್ಸ್ ರೋಡಿನ ಖನಿಜ ಭವನದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೇಲಿ ವಿಚಾರಿಸಿ, ಸ್ವಂತ ಜಮೀನಾದ್ರೂ ಅನುಮತಿ ಬೇಕಾಗುತ್ತೆ. ಇನ್ನೊಂದು, ಉಜ್ಜಿ ನಯ ಮಾಡಿರೋ ಕಲ್ಲಿನ ಕೊಡಲಿನೋ, ದುಂಡಗೆ ಜೋಡಿಸಿರೋ ಗುಂಡುಕಲ್ಲುಗಳೋ ಕಂಡ್ರೆ ದಯವಿಟ್ಟು ಕೀಳ್ಬೇಡಿ, ಜೆಸಿಬಿನೂ ಬಿಡ್ಬೇಡಿ. ಅವು ಹಳೇ ಮನುಷ್ಯರದ್ದು, ಜಾಗ ಕದಲಿದ್ರೆ ಅರ್ಧ ವಿಷ್ಯ ಹೋಯ್ತು ಅಂತಾನೇ ಲೆಕ್ಕ, ಪುರಾತತ್ವ ಇಲಾಖೆಗೆ ತಿಳಿಸಿ.

ಕಲ್ಲಾದ ಮರನೇ ನೋಡ್ಬೇಕು ಅಂದ್ರೆ ತಮಿಳ್ನಾಡಿನ ವಿಳುಪ್ಪುರಂ ಜಿಲ್ಲೆಯ ತಿರುವಕ್ಕರೈಗೆ ಹೋಗ್ಬನ್ನಿ, ಸುಮಾರು 2 ಕೋಟಿ ವರ್ಷ ಹಳೇ ಕಾಂಡಗಳು ಬಯಲಲ್ಲೇ ಬಿದ್ದಿವೆ, ಕೊಂಬೆನೂ ಇಲ್ಲ ತೊಗಟೆನೂ ಇಲ್ಲ, ಯಾಕಂದ್ರೆ ಪ್ರವಾಹದಲ್ಲಿ ಕೊಚ್ಕೊಂಡ್ ಬಂದ ಮರಗಳು ಅವು. ಒಂದ್ಸಲ ಅದನ್ನ ಕಣ್ಣಾರೆ ನೋಡಿದ್ರೆ ನಿಮ್ ಕಲ್ಲಿಗೂ ಅದಕ್ಕೂ ಏನು ವ್ಯತ್ಯಾಸ ಅಂತ ಯಾರೂ ಹೇಳ್ಕೊಡೋದು ಬೇಡ.