ಜಾಂಬಿಗಳು ಬಂದರೆ ನಾನು ಹಿಡಿಯುವುದು ತೋಟದ ಕತ್ತಿಯನ್ನೇ

ನಿಮ್ಮ ಪ್ರಶ್ನೆ ಹೀಗಿದೆ: ಸಿನಿಮಾದಲ್ಲಿ ಸತ್ತವರು ಎದ್ದು ಬಂದು ಕಚ್ಚುತ್ತಾರಲ್ಲ, ಆ ಜಾಂಬಿಗಳು ಒಂದು ದಿನ ನಿಜವಾಗಿಯೂ ಬಂದುಬಿಟ್ಟರೆ, ಬಂದೂಕು ಸಿಗುವುದಿಲ್ಲ ಅಂದರೆ, ಜಪಾನಿನ ಖಡ್ಗ ಕಟಾನಾ, ನೇಪಾಳದ ಬಾಗಿದ ಕತ್ತಿ ಕುಕ್ರಿ, ಕಬ್ಬು ಕಡಿಯುವ ಉದ್ದ ಕತ್ತಿ ಮ್ಯಾಚೆಟಿ ಈ ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ನಿಮ್ಮ ಮನಸ್ಸು ಕಟಾನಾ ಕಡೆ ಇದೆ, ಇರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಂತಲೂ ಬರೆದಿದ್ದೀರಿ.

ನಾನು ಸಾಗರದ ಕಡೆಯವನು. ಅಡಿಕೆ ತೋಟದ ಮನೆ. ಹೈಸ್ಕೂಲಿನಿಂದಲೂ ಕತ್ತಿ ಹಿಡಿದು ಅಭ್ಯಾಸ. ಸೊಪ್ಪು ಕಡಿಯಲು, ಬೇಲಿ ಸವರಲು, ಬಿದಿರು ಸೀಳಲು, ಒಣಗಿದ ಸೋಗೆ ತುಂಡು ಮಾಡಲು ಎಲ್ಲಕ್ಕೂ ಅದೇ. ಆ ಅಭ್ಯಾಸದಿಂದ ಹೇಳುವುದಾದರೆ, ನಿಮ್ಮ ಮೂರರಲ್ಲಿ ಕಟಾನಾಗೆ ಕೊನೆಯ ಜಾಗ. ಮೊದಲ ಜಾಗಕ್ಕೆ ಬರುವುದು ನಿಮ್ಮ ಪಟ್ಟಿಯಲ್ಲೇ ಇಲ್ಲ. ಅದು ನಮ್ಮ ಮಲೆನಾಡಿನ ಕತ್ತಿ. ತುದಿ ಗಿಳಿಯ ಕೊಕ್ಕಿನ ಹಾಗೆ ಒಳಗೆ ಬಾಗಿರುತ್ತದಲ್ಲ, ಅದು.

ಯಾಕೆ ಅಂತ ಹೇಳುವ ಮೊದಲು ಒಂದು ವಿಷಯ ಯೋಚಿಸಿ. ಅಂಥ ಕಾಲ ಬಂದರೆ ಅದು ಒಂದು ಸಂಜೆಗೆ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಇರುತ್ತದೆ. ಗ್ಯಾಸ್ ಸಿಲಿಂಡರ್ ಬರುವುದಿಲ್ಲ, ಸೌದೆ ಒಡೆಯಬೇಕು. ಬಾಗಿಲಿಗೆ ಅಡ್ಡ ಕೊಡಲು ಮರ ಬೇಕು. ಹಗ್ಗ ಕತ್ತರಿಸಬೇಕು, ತೆಂಗಿನಕಾಯಿ ಸುಲಿಯಬೇಕು, ದಾರಿಯ ಪೊದೆ ಸವರಬೇಕು. ಕೈಯಲ್ಲಿರುವ ಅಲಗು ದಿನವಿಡೀ ಮಾಡುವುದು ಇಂಥ ಕೆಲಸವನ್ನೇ. ಜಾಂಬಿಗೆ ಬೀಸುವ ಗಳಿಗೆ ಬರುವುದು ಯಾವಾಗಲೋ ಒಮ್ಮೆ. ಆ ಗಳಿಗೆಗೆ ಮಾತ್ರ ಆಗುವ ಆಯುಧವನ್ನು ಹೊತ್ತು ತಿರುಗಿದರೆ ಉಳಿದ ಕೆಲಸಕ್ಕೆ ಇನ್ನೊಂದು ಹುಡುಕಬೇಕಾಗುತ್ತದೆ.

ಇದು ನನ್ನೊಬ್ಬನ ಯೋಚನೆಯಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರ ಮೇ ತಿಂಗಳಲ್ಲಿ ಜಾಂಬಿ ಬಂದರೆ ಏನು ಸಿದ್ಧತೆ ಬೇಕು ಅಂತಲೇ ಒಂದು ಬರಹ ಹಾಕಿತ್ತು. ಚಂಡಮಾರುತ, ಸಾಂಕ್ರಾಮಿಕ ರೋಗ ಇಂಥವಕ್ಕೆ ಜನ ತಯಾರಾಗಲಿ ಅನ್ನುವುದು ಅದರ ಉದ್ದೇಶ. ನೀರು, ಆಹಾರ, ಔಷಧಿ, ರೇಡಿಯೊ, ಬಟ್ಟೆ, ದಾಖಲೆಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಆ ಪಟ್ಟಿಯಲ್ಲಿವೆ. ಅಲಗಿನ ವಸ್ತು ಅಂತ ಇದ್ದದ್ದು ಕೆಲಸಕ್ಕೆ ಬಳಸುವ ಒಂದು ಚಾಕು ಮಾತ್ರ.

ಈಗ ಕಟಾನಾ. ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಜಪಾನಿನ ಕಮ್ಮಾರರು ತಮಾಹಗಾನೆ ಅನ್ನುವ ಉಕ್ಕನ್ನು ಮಡಚಿ ಮಡಚಿ ಬಡಿಯುತ್ತಾರೆ. ಆಮೇಲೆ ಬೆನ್ನಿಗೆ ದಪ್ಪ ಮಣ್ಣು, ಅಲಗಿಗೆ ತೆಳು ಮಣ್ಣು ಬಳಿದು, ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳು ಮಣ್ಣಿರುವ ಕಡೆ ಬೇಗ ತಣಿದು ಗಡಸಾಗುತ್ತದೆ, ದಪ್ಪ ಮಣ್ಣಿರುವ ಕಡೆ ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಒಂದೇ ಕಬ್ಬಿಣದಲ್ಲಿ ಎರಡು ಗುಣ. ಅದ್ಭುತವಾದ ಕೆಲಸ. ಆದರೆ ಆ ಗಡಸು ಅಲಗು ಓರೆಯಾಗಿ ಗಟ್ಟಿ ಜಾಗಕ್ಕೆ ಬಿದ್ದರೆ ಚಕ್ಕೆ ಏಳುತ್ತದೆ, ಮೆತ್ತಗಿನ ಬೆನ್ನು ಬಗ್ಗಿಬಿಡುತ್ತದೆ. ಮನುಷ್ಯನ ಹಣೆಯ ಮೂಳೆ ಸುಮಾರು 6-7 ಮಿಲಿಮೀಟರ್ ದಪ್ಪ ಇರುತ್ತದೆ, ಅದೂ ಉರುಟು. ಹಾಗಾಗಿ ಏಟು ಜಾರಿ ಓರೆಯಾಗುವುದೇ ಜಾಸ್ತಿ. ಚಕ್ಕೆ ಎದ್ದ ಕಟಾನಾವನ್ನು ಸರಿ ಮಾಡುವವರು ನಿಮ್ಮ ಬೀದಿಯಲ್ಲಿ ಯಾರಿದ್ದಾರೆ? ಎಣ್ಣೆ ಹಚ್ಚದೆ ಒಂದು ಮಳೆಗಾಲ ಬಿಟ್ಟರೆ ತುಕ್ಕು ಬೇರೆ. ಅಲಗೇ ಸುಮಾರು 70 ಸೆಂಟಿಮೀಟರ್, ಎರಡು ಕೈಯಲ್ಲಿ ಬೀಸಬೇಕು. ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ನಿಂತು ಒಂದು ಪೊರಕೆಯನ್ನು ಎರಡು ಕೈಯಲ್ಲಿ ಹಿಡಿದು ಬೀಸಿ ನೋಡಿ, ಕಂಬಿಗೆ ಎಷ್ಟು ಸಲ ತಗಲುತ್ತದೆ ಅಂತ ಗೊತ್ತಾಗುತ್ತದೆ.

ನಿಜವಾದ ಕಟಾನಾದ ಮಾತು ಇಷ್ಟು. ಆನ್‌ಲೈನಿನಲ್ಲಿ ಸಿಗುವ ಶೋಕಿ ಖಡ್ಗಗಳದ್ದು ಬೇರೆಯೇ ಕಥೆ. ನನ್ನ ಚಿಕ್ಕಪ್ಪನ ಮಗ ಒಂದನ್ನು ತರಿಸಿದ್ದ. ಫಳಫಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲು. ಆಯುಧ ಪೂಜೆಯ ಮಾರನೆ ದಿನ ಗೊನೆ ಕಡಿದಾಗಿದ್ದ ಒಂದು ಬಾಳೆಗೆ ಬೀಸಿದ. ಎರಡು ಏಟು ಸರಿಯಾಗಿಯೇ ಬಿತ್ತು. ಮೂರನೆಯದಕ್ಕೆ ಹಿಡಿ ಅವನ ಕೈಯಲ್ಲೇ ಉಳಿಯಿತು, ಅಲಗು ಹಾರಿ ಹೋಗಿ ಕೊಟ್ಟಿಗೆಯ ಗೋಡೆಗೆ ಬಡಿಯಿತು. ಒಳಗೆ ಹಸು ಇತ್ತು, ಪುಣ್ಯಕ್ಕೆ ಏನೂ ಆಗಲಿಲ್ಲ. ಹಿಡಿ ಬಿಚ್ಚಿ ನೋಡಿದರೆ, ಹಿಡಿಯ ಒಳಗೆ ಕೂರುವ ಅಲಗಿನ ಬಾಲ ಅಂತ ಇದ್ದದ್ದು ಕಿರುಬೆರಳಿಗಿಂತ ತೆಳುವಾದ ಒಂದು ಸರಳು, ಅದನ್ನೂ ಬೆಸುಗೆ ಹಾಕಿ ಅಂಟಿಸಿದ್ದರು. ಆ ದಿನದಿಂದ ಯಾವ ಕತ್ತಿ ಕೈಗೆ ಬಂದರೂ ನಾನು ಮೊದಲು ನೋಡುವುದು ಹಿಡಿಯನ್ನು.

ಕುಕ್ರಿ ಒಳ್ಳೆಯ ಆಯ್ಕೆ. ನೇಪಾಳದಲ್ಲಿ ಅದು ಮನೆಮನೆಯ ಸಾಮಾನು, ಕಾಯಿಪಲ್ಲೆ ಕೊಚ್ಚುವುದಕ್ಕೂ ಅದೇ, ಗೂರ್ಖಾ ಸೈನಿಕರ ಸೊಂಟಕ್ಕೂ ಅದೇ. ಲಾರಿಯ ಕಮಾನು ಪಟ್ಟಿಯಲ್ಲಿ ಮಾಡುತ್ತಾರೆ. ತೂಕವೆಲ್ಲ ಮುಂದಕ್ಕಿರುತ್ತದೆ, ಆದ್ದರಿಂದ ಕೈ ಜಾಸ್ತಿ ಶ್ರಮ ಪಡಬೇಕಿಲ್ಲ. ಅದರ ಒರೆಯಲ್ಲೇ ಎರಡು ಪುಟ್ಟ ಚಾಕು ಇರುತ್ತವೆ. ಕರ್ದಾ ಅನ್ನುವುದು ಸಣ್ಣಪುಟ್ಟ ಕೆಲಸಕ್ಕೆ. ಚಕಮಕ್ ಅನ್ನುವುದು ಮೊಂಡು, ಅಲಗನ್ನು ಉಜ್ಜಿ ಸರಿಮಾಡಲು. ಹರಿತ ಮಾಡುವ ಸಾಧನವನ್ನೂ ಜೊತೆಗೇ ಇಟ್ಟಿದ್ದಾರೆ ನೋಡಿ. ದಿನಾ ಬಳಸಿದವರಿಗೆ ಮಾತ್ರ ಹೊಳೆಯುವ ವಿಷಯ ಅದು.

ಮ್ಯಾಚೆಟಿಯೂ ಹಾಗೇ, ಕಬ್ಬಿನ ಗದ್ದೆಯಲ್ಲಿ ದುಡಿಯುವವರದ್ದು. ಕ್ಯೂಬಾದಲ್ಲಿ ಸ್ಪೇನಿನ ವಿರುದ್ಧ ದಂಗೆ ಎದ್ದಾಗ ಜನರ ಹತ್ತಿರ ಬಂದೂಕು ಕಡಿಮೆ. 1868ರ ನವೆಂಬರಿನಲ್ಲಿ ಮ್ಯಾಕ್ಸಿಮೊ ಗೋಮೆಸ್ ಅನ್ನುವ ನಾಯಕ ಮ್ಯಾಚೆಟಿ ಹಿಡಿದವರನ್ನೇ ಮುಂದಿಟ್ಟುಕೊಂಡು ಸ್ಪೇನಿನ ಪಡೆಯ ಮೇಲೆ ನುಗ್ಗಿದ. ಇಂಗ್ಲೆಂಡಿನ ರೈತರು ಬೇಲಿ ಸವರಲು ಬಳಸುತ್ತಿದ್ದ ಕೊಕ್ಕಿನ ಕತ್ತಿ ಉದ್ದ ಕೋಲಿನ ತುದಿಗೆ ಏರಿ ಬಿಲ್ ಅನ್ನುವ ಆಯುಧವಾಯಿತು. 1513ರ ಫ್ಲಾಡೆನ್ ಕದನದಲ್ಲಿ ಸ್ಕಾಟ್ಲೆಂಡಿನವರ ಉದ್ದ ಈಟಿಗಳನ್ನು ಸೋಲಿಸಿದ್ದು ಆ ಬಿಲ್. ಅದರ ಚಿತ್ರ ನೋಡಿದಾಗ ನನಗೆ ರೋಮಾಂಚನವಾಯಿತು, ಯಾಕೆಂದರೆ ಅದರ ತಲೆ ಬಹುಪಾಲು ನಮ್ಮ ಮನೆಯ ಜಗುಲಿಯಲ್ಲಿ ತೂಗುವ ಕತ್ತಿಯದೇ.

ಆ ಕತ್ತಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಅಲಗು 11 ಇಂಚು. ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ 650 ಗ್ರಾಂ ಬಂತು. ಬೆನ್ನು ದಪ್ಪ, ಬಾಯಿ ಅಂದರೆ ಕಡಿಯುವ ಅಂಚು ಬರಬರುತ್ತಾ ತೆಳು. ಹಿಡಿ ಮರದ್ದು, ಕಿರುಬೆರಳು ಕೂರುವ ಕಡೆ ಸ್ವಲ್ಪ ಉಬ್ಬು ಬಿಟ್ಟಿದ್ದಾರೆ. ಆ ಉಬ್ಬು ಇಲ್ಲದಿದ್ದರೆ ಮಳೆಯಲ್ಲಿ ಒದ್ದೆ ಕೈಯಿಂದ ಕತ್ತಿ ಜಾರಿ ಹೋಗುತ್ತದೆ, ನನಗೆ ಒಮ್ಮೆ ಹಾಗೆ ಆಗಿ ಮೊಣಕಾಲಿನ ಕೆಳಗೆ ನಾಲ್ಕು ಹೊಲಿಗೆ ಬಿದ್ದಿದೆ. ಹಿಡಿಯ ಹಿಂದೆ ನೋಡಿದರೆ ಕತ್ತಿಯ ಬಾಲ ಮರವನ್ನು ದಾಟಿ ಆಚೆ ಬಂದು ಮಡಚಿಕೊಂಡಿದೆ. ಎಷ್ಟು ಬೀಸಿದರೂ ಕಳಚುವುದಿಲ್ಲ.

ಕೊಕ್ಕಿನಿಂದ ಏನು ಪ್ರಯೋಜನ ಅಂತ ಕೇಳಬಹುದು. ನೇರ ಅಲಗು ಕಡಿಯುತ್ತದೆ ಅಷ್ಟೇ. ಕೊಕ್ಕು ಎಳೆಯುತ್ತದೆ ಕೂಡ. ಮುಳ್ಳಿನ ಬಳ್ಳಿಗೆ ಕೈ ಹಾಕದೆ ಕೊಕ್ಕಿನಲ್ಲಿ ಸಿಕ್ಕಿಸಿ ಎಳೆದು ಕಡಿಯುತ್ತೇವೆ. ಜಾಂಬಿಯ ವಿಷಯದಲ್ಲೂ ಅದೇ. ಅದರ ಕೈಗೋ ಕಾಲಿಗೋ ಕೊಕ್ಕು ಹಾಕಿ ಎಳೆದು ಬೀಳಿಸಿದರೆ ಸಾಕು, ಓಡಲು ನಿಮಗೆ ಸಮಯ ಸಿಗುತ್ತದೆ. ಪ್ರತಿ ಸಲ ತಲೆಗೇ ಹೊಡೆಯಬೇಕು ಅಂತ ಹೊರಟರೆ ಇನ್ನೊಂದು ತೊಂದರೆ ಇದೆ. ಹಸಿ ಹಲಸಿನ ಮರಕ್ಕೆ ನೇರವಾಗಿ ಒಂದು ಏಟು ಹಾಕಿ ನೋಡಿ. ಕತ್ತಿ ಕಚ್ಚಿಕೊಳ್ಳುತ್ತದೆ, ಬರುವುದಿಲ್ಲ. ಕಾಲು ಕೊಟ್ಟು, ಮೇಲೆ ಕೆಳಗೆ ಅಲುಗಾಡಿಸಿ ಬಿಡಿಸಬೇಕು. ಅಷ್ಟರಲ್ಲಿ ಎರಡನೇ ಜಾಂಬಿ ಹತ್ತಿರ ಬಂದಿರುತ್ತದೆ, ಅಲ್ವಾ? ಕೊಡಲಿಯನ್ನು ನಾನು ಬೇಡ ಅನ್ನುವುದೂ ಇದಕ್ಕೇ. ಅದು ಎಲ್ಲಕ್ಕಿಂತ ಆಳವಾಗಿ ಕಚ್ಚುತ್ತದೆ.

ಬಾಗಿದ ಅಲಗಿನ ಗುಣವನ್ನು ಕೊಡಗಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅವರ ಒಡಿಕತ್ತಿ ಅಗಲ, ಮುಂದಕ್ಕೆ ಬಾಗಿದ ಅಲಗಿನದು, ಬೆನ್ನ ಹಿಂದೆ ತೋಡಂಗ್ ಅನ್ನುವ ಲೋಹದ ಕೊಕ್ಕೆಯಲ್ಲಿ ತೂಗುತ್ತದೆ. ಮುಂದೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಚಂದಕ್ಕೆ, ಒಡಿಕತ್ತಿ ಕೆಲಸಕ್ಕೆ. ಮದುವೆಯಲ್ಲಿ ಬಾಳೆ ಬಿರುದು ಅಂತ ಸಾಲಾಗಿ ನೆಟ್ಟ ಬಾಳೆ ಕಂಬಗಳನ್ನು ಒಂದೊಂದೇ ಏಟಿಗೆ ಕಡಿಯುತ್ತಾರೆ. ನಿಮಗೂ ಅಭ್ಯಾಸಕ್ಕೆ ಬಾಳೆಯೇ ಒಳ್ಳೆಯದು. ಅಡ್ಡಡ್ಡ ಹೊಡೆದರೆ ಅರ್ಧಕ್ಕೆ ನಿಲ್ಲುತ್ತದೆ. ಮೇಲಿನಿಂದ ಓರೆಯಾಗಿ, ಹೊಡೆಯುತ್ತಲೇ ಸ್ವಲ್ಪ ತನ್ನ ಕಡೆಗೆ ಎಳೆದರೆ ಬೆಣ್ಣೆಯ ಹಾಗೆ ಇಳಿಯುತ್ತದೆ. ಆ ಎಳೆತ ಕೈಗೆ ಬರಲು ಒಂದು ಮಧ್ಯಾಹ್ನ ಸಾಕು. ಅದಿಲ್ಲದೆ ಎಂಥ ಕತ್ತಿ ಕೊಂಡರೂ ವ್ಯರ್ಥ.

ಗಡಸುತನದ ಬಗ್ಗೆ ನಮ್ಮೂರ ಕಮ್ಮಾರ ಆಚಾರ್ರು ಹೇಳಿದ್ದು ನನಗೆ ಯಾವಾಗಲೂ ನೆನಪಾಗುತ್ತದೆ. ಒಮ್ಮೆ ಕುಲುಮೆಯ ಮುಂದೆ ಕೂತು, "ಇನ್ನೂ ಗಡಸು ಮಾಡಿ, ಬೇಗ ಮೊಂಡಾಗಬಾರದು" ಅಂತ ನಾನು ಹಟ ಮಾಡಿದೆ. ಅವರು ಕೆಂಡದಿಂದ ಕತ್ತಿ ತೆಗೆದು, ಬಾಯಿಯ ಕಡೆ ಮಾತ್ರ ನೀರಿಗೆ ತೋರಿಸಿ, ಬೆನ್ನಿನ ಬಿಸಿ ಬಾಯಿಯತ್ತ ಹರಿಯುವುದನ್ನು ನೋಡುತ್ತಾ ಕೂತರು. ಉಜ್ಜಿದ ಬಿಳಿ ಜಾಗ ಮೊದಲು ಒಣ ಹುಲ್ಲಿನ ಬಣ್ಣಕ್ಕೆ ಬಂತು, ಆಮೇಲೆ ಕಂದು, ಆಮೇಲೆ ನೇರಳೆ. ಆಗ ಪೂರ್ತಿ ಅದ್ದಿದರು. "ಮೊಂಡಾದ್ರೆ ಮಸೆಯಬಹುದು, ಬಗ್ಗಿದ್ರೆ ತಟ್ಟಬಹುದು. ಮುರಿದ್ರೆ ಏನ್ ಮಾಡ್ತೀಯಾ ಮಾರಾಯ?" ಅಂದರು. ಆ ಕತ್ತಿಗೆ ಈಗ 14 ವರ್ಷ. ಬೆಳಿಗ್ಗೆ ಬಾವಿಕಟ್ಟೆಯ ಕಲ್ಲಿಗೆ ಎರಡು ಹನಿ ನೀರು ಹಾಕಿ ಮಸೆದರೆ ಸಂಜೆಯವರೆಗೆ ನಡೆಯುತ್ತದೆ. ಕಲ್ಲು, ನೀರು, ಅಷ್ಟೇ. ಕರೆಂಟು ಹೋದ ಊರಿನಲ್ಲೂ ಸಿಗುವಂಥದ್ದು.

ಇನ್ನೊಂದು ಮಾತು, ಇದು ಅಲಗಿಗಿಂತ ಮುಖ್ಯ. ಎಲ್ಲರೂ ಹೇಳುವ ಪ್ರಕಾರ ಜಾಂಬಿ ರೋಗ ಹರಡುವುದು ಕಡಿತದಿಂದ, ರಕ್ತದಿಂದ. ಕಡಿತದ ಮಟ್ಟಿಗೆ ರೇಬೀಸ್ ಹರಡುವ ಹಾಗೆ ಅಂದುಕೊಳ್ಳಿ. ಕತ್ತಿ ಬೀಸಿದರೆ ಹನಿ ಸಿಡಿಯುತ್ತದೆ, ಕಣ್ಣಿಗೆ ಬಾಯಿಗೆ ಬೀಳುತ್ತದೆ. ಅಲಗು ಇಟ್ಟುಕೊಂಡವರು ಮೊದಲು ಮೈ ಮುಚ್ಚಿಕೊಳ್ಳುವುದನ್ನು ಕಲಿಯಬೇಕು. ನಾವು ಇದನ್ನು ಮಂಗನ ಕಾಯಿಲೆಯಿಂದ ಕಲಿತಿದ್ದೇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದರಿಂದ ಆ ರೋಗ ಗೊತ್ತಾಯಿತು, ಹರಡುವುದು ಉಣುಗಿನಿಂದ. ಈಗಲೂ ಬೇಸಿಗೆಯಲ್ಲಿ ಸೊಪ್ಪು, ದರಗು ಅಂದರೆ ಒಣ ಎಲೆ ತರಲು ಕಾಡಿಗೆ ಹೋಗುವಾಗ ಉದ್ದ ತೋಳಿನ ಅಂಗಿ, ಗಂಬೂಟು ಹಾಕಿಕೊಳ್ಳುತ್ತೇವೆ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಬಳಿದುಕೊಳ್ಳುತ್ತೇವೆ, ಬಂದ ಕೂಡಲೇ ಬಿಸಿನೀರಿನ ಸ್ನಾನ. ನಿಮ್ಮ ಹತ್ತಿರ ಹೆಲ್ಮೆಟ್ ಇದ್ದರೆ ಗಾಜು ಇಳಿಸಿಕೊಳ್ಳಿ, ರೇನ್‌ಕೋಟು, ದಪ್ಪ ಕೈಗವಸು ಹಾಕಿಕೊಳ್ಳಿ. ಗಾಯವಾದರೆ ರೇಬೀಸಿಗೆ ಹೇಳುವ ಹಾಗೆ ಹರಿಯುವ ನೀರು, ಸೋಪು, 15 ನಿಮಿಷ.

ಸಿಡಿತದಿಂದ ಪಾರಾಗಲು ದೂರವೇ ಒಳ್ಳೆಯ ಮದ್ದು. ಅಡಿಕೆ ಕೊನೆ ಇಳಿಸುವ ದೋಟಿ ನೋಡಿದ್ದೀರಾ? ಉದ್ದನೆಯ ಕೋಲು, ತುದಿಯಲ್ಲಿ ಬಾಗಿದ ಸಣ್ಣ ಕತ್ತಿ. ಮರದಷ್ಟು ಉದ್ದ ಬೇಡ. ಒಂಬತ್ತು ಅಡಿಯ ಗಟ್ಟಿ ಬಿದಿರಿಗೆ ಅಂಥದ್ದೊಂದನ್ನು ಕಟ್ಟಿದರೆ ಕಾಂಪೌಂಡಿನ ಒಳಗೆ ನಿಂತೇ ಆಚೆಯವನನ್ನು ತಡೆಯಬಹುದು. ಆದರೆ ಅದನ್ನು ಹೊತ್ತು ಓಡಲು ಆಗುವುದಿಲ್ಲ. ಮನೆ ಕಾಯಲು ದೋಟಿ, ಹೊರಗೆ ಹೊರಟರೆ ಸೊಂಟದ ಕೊಕ್ಕೆಯಲ್ಲಿ ಕತ್ತಿ.

ಜಾಂಬಿ ಬರುವವರೆಗಿನ ಕಾಲಕ್ಕೆ ಕಾನೂನಿನ ಮಾತೂ ಹೇಳಬೇಕು. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಖಡ್ಗ, ಕಠಾರಿ, ಕುಕ್ರಿ ಹೆಸರು ಹಿಡಿದೇ ಆಯುಧದ ಪಟ್ಟಿಯಲ್ಲಿವೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳೂ ಸೇರುತ್ತವೆ. ಮನೆಗೆಲಸಕ್ಕೆ, ಕೃಷಿಗೆ ಅಂತ ಮಾಡಿದ್ದು ಮಾತ್ರ ಹೊರಗೆ. ತೋಟದ ಕತ್ತಿಗೆ ಇದೊಂದು ಅನುಕೂಲ. ಹಾಗಂತ ಅದನ್ನು ಹಿಡಿದು ಸುಮ್ನೆ ರಸ್ತೆಯಲ್ಲಿ ಓಡಾಡಬೇಡಿ. ಪೊಲೀಸರು ಕೇಳುವುದು ಸಹಜ, ನೋಡಿದ ಜನರಿಗೂ ಭಯವಾಗುತ್ತದೆ. ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ, ಕತ್ತಿಯ ಬಾಯಿಗೆ ಹಳೆಯ ಟೈರಿನ ಪಟ್ಟಿ ಸುತ್ತಿ.

ಕೊಳ್ಳುವುದಾದರೆ ಆನ್‌ಲೈನಿನಲ್ಲಿ ಬೇಡ. ಸಾಗರ, ಸಿರಸಿ, ತೀರ್ಥಹಳ್ಳಿ ಕಡೆ ಬಂದಾಗ ಕುಲುಮೆ ಇರುವವರ ಹತ್ತಿರವೇ ಹೋಗಿ. ಕೈಯಲ್ಲಿ ಹಿಡಿದು ನಾಲ್ಕು ಸಲ ಗಾಳಿಯಲ್ಲಿ ಬೀಸಿ, ಮಣಿಕಟ್ಟು ಎಳೆದಂತಾದರೆ ಇನ್ನೊಂದು ಕೇಳಿ. ಹಿಡಿಯ ಹಿಂದೆ ಬಾಲ ಮಡಚಿದೆಯಾ ನೋಡಿ. ನಮ್ಮ ಆಚಾರ್ರಾದರೆ ಬೆಲೆ ಹೇಳುವ ಮೊದಲು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ: ಬಲಗೈಯೋ, ಎಡಗೈಯೋ? ಯಾಕೆಂದರೆ ಅವರು ಬಾಯಿಯನ್ನು ಒಂದೇ ಮಗ್ಗುಲಿಗೆ ಮಸೆಯುತ್ತಾರೆ, ನೀವು ಕಡಿಯುವ ಕೈ ಯಾವುದು ಅಂತ ಗೊತ್ತಾಗದೆ ಕಲ್ಲಿಗೆ ಹಚ್ಚುವುದಿಲ್ಲ.